ಬೆಂಕಿ ಬೀಳುವ ಮುನ್ನ ತೋಡುವ ಬಾವಿ

(ಶಾಲಾ ಶತಮಾನೋತ್ಸವದ ಅಂಗವಾಗಿ ನಡೆದ ವಿಜ್ಞಾನ ಉಪನ್ಯಾಸಮಾಲೆಯ ಸಮಾರೋಪದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಬರೆಹರೂಪ)



ಈ ಉಪನ್ಯಾಸಮಾಲೆಯಲ್ಲಿ ನನಗಿಂತ ಮೊದಲು ಮಾತನಾಡಿದವರೆಲ್ಲರೂ ವಿಜ್ಞಾನವನ್ನು ಕ್ರಮವಾಗಿ ಓದಿದವರು. ಅವರಲ್ಲಿ ಹಲವರು ಇದೇ ಶಾಲೆಯ ಬೆಂಚುಗಳಲ್ಲಿ ಕುಳಿತು ಕಲಿತವರು. ನಾನಾದರೋ ಕನ್ನಡ ಎಂ.ಎ. ಮುಗಿಸಿ, ಬಿ.ಎಡ್. ಮಾಡಿಕೊಂಡು, ವೃತ್ತಿಜೀವನದ ಬಹುಭಾಗವನ್ನು ಹಳಗನ್ನಡ ಪದ್ಯಗಳ ಅನ್ವಯ ಹೇಳಿಕೊಡುವುದರಲ್ಲಿ ಕಳೆದವಳು. ಅಂಥವಳು ವಿಮಾನದ ಇಂಧನಕ್ಕೆ ಹತ್ತಿದ ಬೆಂಕಿಯನ್ನು ಆರಿಸುವ ನೊರೆಯ ಕುರಿತು ಮಾತನಾಡಲು ಹೊರಟದ್ದೇಕೆ ಎಂದು ನಿಮಗೆ ಅನ್ನಿಸುವುದು ಸಹಜ. ಅದಕ್ಕೆ ಕಾರಣ ಒಂದು ಮಗು ಕೇಳಿದ ಪ್ರಶ್ನೆ.

ಕಳೆದ ವರ್ಷ ಅಗ್ನಿಶಾಮಕ ದಳದವರು ನಮ್ಮ ಅಂಗಳದಲ್ಲಿ ಒಂದು ಪ್ರಾತ್ಯಕ್ಷಿಕೆ ನಡೆಸಿಕೊಟ್ಟರು. ಕಬ್ಬಿಣದ ತಟ್ಟೆಯೊಂದರಲ್ಲಿ ಎಣ್ಣೆ ಉರಿಸಿ, ಅದರ ಮೇಲೆ ನೊರೆ ಹಾಯಿಸಿ ಆರಿಸಿದರು. ವಿಮಾನ ನಿಲ್ದಾಣಗಳಲ್ಲಿಯೂ ಬಳಸುವುದು ನೊರೆಯನ್ನೇ ಎಂದು ತಿಳಿಸಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಮಾತ್ರ ಬಳಿಗೆ ಬಂದು, "ಟೀಚರ್, ಇದು ವಿಮಾನದ ಬೆಂಕಿಯನ್ನು ಆರಿಸುತ್ತದೆ ಅಂತ ಮೊದಲೇ ಗೊತ್ತಾಗುವುದು ಹೇಗೆ? ವಿಮಾನ ಉರಿಯುವ ದಿನವೇ ಅದು ಆರಿಸದೆ ಹೋದರೆ?" ಎಂದು ಕೇಳಿದಳು.

ನನಗೆ ಉತ್ತರ ತಿಳಿದಿರಲಿಲ್ಲ. ತಿಳಿಯದು ಎಂದು ಒಪ್ಪಿಕೊಂಡು, ತಿಳಿದುಕೊಂಡು ಬಂದು ಹೇಳುವುದು ಅಧ್ಯಾಪಕರ ಧರ್ಮ. ಆ ಮಗುವಿಗೆ ಹೇಳಿದ್ದನ್ನೇ ಇಂದು ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ.

ವಿಮಾನದ ಬೆಂಕಿ ನಮ್ಮ ಊರಿಗೆ ಪರಕೀಯವಾದ ವಿಷಯವಲ್ಲ. 2010ರ ಮೇ 22ರಂದು, ಶನಿವಾರ ಬೆಳಗ್ಗೆ, ದುಬಾಯಿಯಿಂದ ಮಂಗಳೂರಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಬಜ್ಪೆಯ ರನ್‌ವೇಯನ್ನು ದಾಟಿ ಕಮರಿಗೆ ಉರುಳಿ ಹೊತ್ತಿ ಉರಿಯಿತು. ಅದರಲ್ಲಿದ್ದವರು 166 ಮಂದಿ. ಬದುಕಿ ಉಳಿದವರು 8 ಮಂದಿ. ಮಡಿದ 158 ಮಂದಿಯಲ್ಲಿ ಅನೇಕರು ನಮ್ಮ ಕಾಸರಗೋಡು ಜಿಲ್ಲೆಯವರು. ಆಗ ಶಾಲೆಗೆ ಬೇಸಿಗೆ ರಜೆ. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ನನ್ನ ತರಗತಿಯ ಒಬ್ಬ ಹುಡುಗ ಹಳೆಯ ಚೀಲವನ್ನೇ ಹೊತ್ತು ಬಂದಿದ್ದ. ಹೊಸ ಚೀಲ ಮಾವನ ಜೊತೆ ಬರುವುದಿತ್ತು ಎಂದಷ್ಟೇ ಹೇಳಿದ. ನಾನು ಮುಂದೆ ಏನನ್ನೂ ಕೇಳಲಿಲ್ಲ.

ಹತ್ತು ವರ್ಷಗಳ ತರುವಾಯ, 2020ರ ಆಗಸ್ಟ್ 7ರಂದು, ಕೋಝಿಕ್ಕೋಡ್ ಬಳಿಯ ಕರಿಪ್ಪೂರಿನಲ್ಲಿ ಇನ್ನೊಂದು ವಿಮಾನ ಮಳೆಯ ನಡುವೆ ರನ್‌ವೇಯನ್ನು ಮೀರಿ ಕೆಳಗೆ ಬಿದ್ದು ತುಂಡಾಯಿತು. ಅದರಲ್ಲಿ 190 ಮಂದಿ ಇದ್ದರು. 21 ಮಂದಿ ಪ್ರಾಣ ಕಳೆದುಕೊಂಡರು. ಎರಡು ಅಪಘಾತಗಳು ಎಲ್ಲ ವಿಧದಲ್ಲಿಯೂ ಒಂದೇ ಬಗೆಯವಲ್ಲ, ನಿಜ. ಆದರೆ ಒಂದು ವ್ಯತ್ಯಾಸವು ಎದ್ದು ಕಾಣುತ್ತದೆ. ಕರಿಪ್ಪೂರಿನಲ್ಲಿ ಬೆಂಕಿ ಹತ್ತಿಕೊಳ್ಳಲಿಲ್ಲ.

ವಿಮಾನದ ಇಂಧನವೆಂದರೆ ಬಹುಮಟ್ಟಿಗೆ ನಮ್ಮ ಅಜ್ಜಿಯಂದಿರು ದೀಪಕ್ಕೆ ಹಾಕುತ್ತಿದ್ದ ಚಿಮಿಣಿ ಎಣ್ಣೆಯೇ. ಅದನ್ನು ಹೆಚ್ಚು ಶುದ್ಧಗೊಳಿಸಿರುತ್ತಾರೆ. ಅದು ನೀರಿಗಿಂತ ಹಗುರ. ಆದುದರಿಂದ ಉರಿಯುವ ಇಂಧನದ ಮೇಲೆ ನೀರು ಸುರಿದರೆ ನೀರು ತಳಕ್ಕಿಳಿಯುತ್ತದೆ, ಇಂಧನ ಮೇಲೆ ತೇಲುತ್ತ ಉರಿಯನ್ನು ಇನ್ನಷ್ಟು ದೂರಕ್ಕೆ ಒಯ್ಯುತ್ತದೆ. ಅಂಥ ಬೆಂಕಿಯ ತಾಪ 1000 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಏರುತ್ತದೆ. ವಿಮಾನದ ಹೊದಿಕೆಯ ಅಲ್ಯುಮಿನಿಯಂ ಕರಗುವುದು ಸುಮಾರು 660 ಡಿಗ್ರಿಯಲ್ಲಿ. ಹೊರಗಿನ ಬೆಂಕಿ ಒಳಗೆ ನುಗ್ಗಲು ನಿಮಿಷಗಳು ಸಾಕು. ದೊಡ್ಡ ಪ್ರಯಾಣಿಕ ವಿಮಾನವೊಂದಕ್ಕೆ ಅನುಮತಿ ನೀಡುವ ಮೊದಲು, ಅರ್ಧದಷ್ಟು ಬಾಗಿಲುಗಳನ್ನು ಮಾತ್ರ ಬಳಸಿ, ಒಳಗಿನವರೆಲ್ಲ 90 ಸೆಕೆಂಡುಗಳಲ್ಲಿ ಹೊರಬರಬಲ್ಲರೆಂದು ತೋರಿಸಬೇಕೆಂಬ ನಿಯಮವಿದೆ. ರನ್‌ವೇಯ ಯಾವ ಮೂಲೆಗಾದರೂ ಅಗ್ನಿಶಾಮಕ ವಾಹನ ಮೂರು ನಿಮಿಷಗಳೊಳಗೆ, ಸಾಧ್ಯವಾದರೆ ಎರಡೇ ನಿಮಿಷಗಳಲ್ಲಿ ತಲುಪಬೇಕು ಎಂಬುದು ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡ. ಅಷ್ಟರಲ್ಲಿ ಅದು ಹೊತ್ತು ತಂದ ದ್ರವ್ಯ ಫಲಿಸಲೇಬೇಕು. ಪ್ರಯೋಗ ಮಾಡಿ ನೋಡಲು ಅಲ್ಲಿ ವೇಳೆಯಿಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಟವನ ಕಥೆ ನಮಗೆಲ್ಲ ಗೊತ್ತಿರುವುದೇ. ಬೆಂಕಿ ಬೀಳುವ ಮುನ್ನ ಬಾವಿ ತೋಡಿದವರ ಕಥೆ ಇದು.

ಈ ಕಥೆಯ ಆರಂಭದಲ್ಲಿ ನಿಂತಿರುವವನು ಒಬ್ಬ ಶಾಲಾ ಅಧ್ಯಾಪಕ ಎಂಬುದು ನನಗೆ ಹೆಮ್ಮೆಯ ಸಂಗತಿ. ಕ್ಯಾಸ್ಪಿಯನ್ ಸಮುದ್ರದ ದಡದ ಬಾಕು ನಗರವು ಅಂದಿನ ರಷ್ಯಾ ಸಾಮ್ರಾಜ್ಯದ ತೈಲೋದ್ಯಮದ ಕೇಂದ್ರವಾಗಿತ್ತು. ಅಲ್ಲಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ ಅಲೆಕ್ಸಾಂಡರ್ ಲೋರನ್, ಆರಿಸಲು ಅಸಾಧ್ಯವೆನಿಸುವ ತೈಲದ ಬೆಂಕಿಗಳನ್ನು ಕಣ್ಣಾರೆ ಕಂಡಿದ್ದರು. ಎಣ್ಣೆಗಿಂತ ಹಗುರವಾಗಿ ಅದರ ಮೇಲೆ ತೇಲಿ ಕಂಬಳಿಯಂತೆ ಹೊದೆಯುವ ವಸ್ತು ಬೇಕೆಂದು ಹುಡುಕಿ ನೊರೆಯನ್ನು ಕಂಡುಕೊಂಡರು. ನಿಜಕ್ಕೂ ಉರಿಯುವುದು ಎಣ್ಣೆಯಲ್ಲ, ಅದರಿಂದ ಏಳುವ ಆವಿ. ನೊರೆಯು ಆ ಆವಿಯನ್ನು ಕೆಳಗೇ ಹಿಡಿದಿಡುತ್ತದೆ, ಗಾಳಿಯನ್ನು ದೂರವಿಡುತ್ತದೆ, ತನ್ನಲ್ಲಿರುವ ನೀರಿನಿಂದ ತಂಪೆರೆಯುತ್ತದೆ. ಅಂದಿನ ನೊರೆಯ ಸಾಮಗ್ರಿಯೂ ಸರಳ. ಸೋಡಿಯಂ ಬೈಕಾರ್ಬೊನೇಟ್ ಮತ್ತು ಅಲ್ಯುಮಿನಿಯಂ ಸಲ್ಫೇಟ್ ನೀರಿನಲ್ಲಿ ಬೆರೆತಾಗ ಏಳುವ ಗುಳ್ಳೆಗಳು ಒಡೆಯದಂತೆ ಅತಿಮಧುರದಂಥ ಸಸ್ಯಸಾರವನ್ನು ಸೇರಿಸುತ್ತಿದ್ದರು. ನಮ್ಮ ಅಂಟುವಾಳ ಕಾಯಿಯಲ್ಲಿ ನೊರೆ ಬರಿಸುವುದೂ ಅದೇ ಜಾತಿಯ ವಸ್ತು. ಲೋರನ್ 1902 ಮತ್ತು 1903ರಲ್ಲಿ ಉರಿಯುವ ತೈಲದ ಮೇಲೆಯೇ ಅದನ್ನು ಪ್ರಯೋಗಿಸಿ ತೋರಿಸಿದರು. 1904ರಲ್ಲಿ ಪೇಟೆಂಟ್ ಪಡೆದರು. ಮೊದಲು ಪ್ರಯೋಗ, ಆಮೇಲೆ ಹಕ್ಕು. ಈ ಕ್ರಮವನ್ನು ಮಕ್ಕಳು ಗಮನಿಸಬೇಕು.

ಮುಂದೆ ಪ್ರಾಣಿಗಳ ಗೊರಸು, ಕೊಂಬುಗಳ ಪ್ರೋಟೀನಿನಿಂದ ನೊರೆ ಮಾಡಿದರು. ಅದು ದಪ್ಪನೆಯ ಹೊದಿಕೆ. ಆದರೆ ನಿಧಾನವಾಗಿ ಹರಡುವಂಥದು. 1960ರ ದಶಕದಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧನಾಲಯದವರು ಫ್ಲೋರಿನ್ ಇರುವ ಸಂಯುಕ್ತಗಳನ್ನು ಬಳಸಿ ಹೊಸ ಬಗೆಯ ನೊರೆಯೊಂದನ್ನು ರೂಪಿಸಿದರು. ಈ ನೊರೆಯಿಂದ ಜಿನುಗುವ ನೀರು ಇಂಧನದ ಮೇಲೆ ಮುಳುಗದೆ ತೆಳುವಾದ ಪೊರೆಯಾಗಿ ಹರಡುತ್ತದೆ. ಬೆಂಕಿಯ ಮುಂದೆ ಓಡುವ ನೀರು ಎನ್ನಬಹುದು.

ಅದರ ಅಗತ್ಯವೇನೆಂಬುದನ್ನು ಒಂದು ದುರಂತ ತೋರಿಸಿಕೊಟ್ಟಿತು. 1967ರ ಜುಲೈ 29ರಂದು ಟಾಂಕಿನ್ ಕೊಲ್ಲಿಯಲ್ಲಿದ್ದ ಫಾರೆಸ್ಟಲ್ ಎಂಬ ವಿಮಾನವಾಹಕ ನೌಕೆಯ ಮೇಲೆ ಆಕಸ್ಮಿಕವಾಗಿ ಹಾರಿದ ರಾಕೆಟ್ಟೊಂದು ನಿಂತಿದ್ದ ವಿಮಾನದ ಇಂಧನದ ತೊಟ್ಟಿಗೆ ಬಡಿಯಿತು. ಚೆಲ್ಲಿದ ಇಂಧನ ಹೊತ್ತಿಕೊಂಡಿತು. ಒಂದೆರಡು ನಿಮಿಷಗಳೊಳಗೆ ಬಾಂಬುಗಳು ಸಿಡಿಯತೊಡಗಿದವು. 134 ಮಂದಿ ಮಡಿದರು. ಅಲ್ಲಿ ಒಂದು ತಂಡ ಹಾಸಿದ ನೊರೆಯನ್ನು ಇನ್ನೊಂದು ತಂಡ ಸುರಿಸಿದ ನೀರು ತೊಳೆದುಹಾಕಿತ್ತು. ಒಳ್ಳೆಯ ದ್ರವ್ಯವಿದ್ದರೆ ಸಾಲದು, ಅದನ್ನು ಬಳಸುವ ಕೈಗೂ ಅಭ್ಯಾಸ ಬೇಕು ಎಂಬುದನ್ನು ಆ ನೌಕಾಪಡೆ ಅಂದು ಕಲಿತು, ತನ್ನ ನಾವಿಕರಿಗೆಲ್ಲ ಕಲಿಸಿತು. 1969ರಲ್ಲಿ ಹೊಸ ನೊರೆಗೆ ಕಟ್ಟುನಿಟ್ಟಾದ ಲಿಖಿತ ಮಾನದಂಡವೂ ಸಿದ್ಧವಾಯಿತು.

ಇನ್ನು ಆ ಹುಡುಗಿಯ ಪ್ರಶ್ನೆಯ ತಿರುಳಿಗೆ ಬರೋಣ. ನೊರೆಯನ್ನು ಪರೀಕ್ಷಿಸುವುದು ಹೇಗೆ? ನಾಗರಿಕ ವಿಮಾನಯಾನದಲ್ಲಿ ನೊರೆಗೆ ಎ, ಬಿ, ಸಿ ಎಂಬ ಮೂರು ಶ್ರೇಣಿಗಳಿವೆ. ಎ ಶ್ರೇಣಿಗೆ 2.8 ಚದರ ಮೀಟರ್, ಬಿ ಶ್ರೇಣಿಗೆ 4.5, ಸಿ ಶ್ರೇಣಿಗೆ 7.32 ಚದರ ಮೀಟರ್ ವಿಸ್ತಾರದ ದುಂಡನೆಯ ತಟ್ಟೆ. ಸಿ ಶ್ರೇಣಿಯ ತಟ್ಟೆಯ ಅಡ್ಡಳತೆ ಸುಮಾರು ಮೂರು ಮೀಟರ್. ದೊಡ್ಡದೊಂದು ಬಾವಿಯ ಬಾಯಿಯಷ್ಟು ಎಂದು ಭಾವಿಸಿಕೊಳ್ಳಿ. ಅದರಲ್ಲಿ ನೀರು ಹಾಕಿ, ಮೇಲೆ 157 ಲೀಟರ್ ವಿಮಾನದ ಇಂಧನ ಸುರಿದು ಬೆಂಕಿ ಕೊಡುತ್ತಾರೆ. ಕೊಟ್ಟ ಕೂಡಲೇ ಆರಿಸಲು ಬಿಡುವುದಿಲ್ಲ. ಪೂರ್ತಿ 60 ಸೆಕೆಂಡುಗಳ ಕಾಲ ಬೆಂಕಿಗೆ ಬೆಳೆಯಲು ಅವಕಾಶ ಕೊಡುತ್ತಾರೆ. ಎಳೆಯ ಬೆಂಕಿಯನ್ನು ಗೆಲ್ಲುವುದು ಸುಲಭ. ಪರೀಕ್ಷೆಯೆಂದರೆ ಎದುರಾಳಿಯು ಪೂರ್ಣ ಬಲಕ್ಕೆ ಬಂದ ಮೇಲೆ ಗೆಲ್ಲುವುದು.

ಆ ಬಳಿಕ ನೊರೆ. ಮೂರು ಶ್ರೇಣಿಗಳಲ್ಲಿಯೂ ಕೊಳವೆಯಿಂದ ಹೊರಬೀಳುವ ದ್ರಾವಣ ನಿಮಿಷಕ್ಕೆ 11.4 ಲೀಟರ್ ಮಾತ್ರ. ಅಂದರೆ ನಮ್ಮ ಮನೆಯ ಹೆಂಗಸರು ಸೊಂಟದ ಮೇಲೆ ಹೊತ್ತು ತರುತ್ತಿದ್ದ ಒಂದು ಕೊಡಪಾನದಷ್ಟು. ಅದರಲ್ಲಿಯೂ ಬಹುಪಾಲು ನೀರೇ. ನೂರು ಪಾಲಿನಲ್ಲಿ ಮೂರು ಅಥವಾ ಆರು ಪಾಲು ಮಾತ್ರ ನೊರೆಯ ದ್ರವ್ಯ. ಆ ಒಂದು ಕೊಡಪಾನದಿಂದ, ಬಾವಿಯ ಬಾಯಿಯಷ್ಟು ಅಗಲದ ಬೆಂಕಿ 60 ಸೆಕೆಂಡುಗಳೊಳಗೆ ಆರಬೇಕು. ಇಷ್ಟು ಜಿಪುಣತನವೇಕೆಂದರೆ, ಅಪಘಾತದ ಸ್ಥಳಕ್ಕೆ ಓಡಿಬರುವ ವಾಹನ ತಾನು ಹೊತ್ತಷ್ಟನ್ನೇ ಬಳಸಬಲ್ಲುದು. ಹೊಳೆಯಷ್ಟು ನೊರೆ ಸುರಿದು ಆರಿಸಿ ತೋರಿಸಿದರೆ ಅದು ಪರೀಕ್ಷೆಯಲ್ಲ, ಪ್ರದರ್ಶನ.

ಬೆಂಕಿ ಆರಿದೊಡನೆ ಪರೀಕ್ಷೆ ಮುಗಿಯಿತೆಂದುಕೊಳ್ಳಬೇಡಿ. ಒಟ್ಟು ಎರಡು ನಿಮಿಷ ನೊರೆ ಹಾಯಿಸಿ ನಿಲ್ಲಿಸುತ್ತಾರೆ. ಮತ್ತೆರಡು ನಿಮಿಷ ಸುಮ್ಮನೆ ಕಾಯುತ್ತಾರೆ. ಅನಂತರ ಉರಿಯುವ ಇಂಧನವಿರುವ ಸಣ್ಣದೊಂದು ಪಾತ್ರೆಯನ್ನು ಆ ನೊರೆಯ ನಡುವೆ ಇಡುತ್ತಾರೆ. ಇಂಧನ ಕೆಳಗೆ ಇದ್ದೇ ಇದೆ. ನೊರೆ ಸುಡುತ್ತ ಸವೆಯುತ್ತ ಹೋಗುತ್ತದೆ. ತಟ್ಟೆಯ ಕಾಲುಭಾಗಕ್ಕೆ ಬೆಂಕಿ ಮರಳಿ ಹಬ್ಬಲು ಕನಿಷ್ಠ ಐದು ನಿಮಿಷಗಳಾದರೂ ಹಿಡಿಯಬೇಕು. ಆ ಐದು ನಿಮಿಷಗಳು ಯಾರಿಗಾಗಿ? ನೊರೆಯ ಮೇಲೆ ಕಾಲಿಟ್ಟು ವಿಮಾನದೊಳಗೆ ಹೋಗುವ ರಕ್ಷಕರಿಗಾಗಿ, ಅವರ ಹೆಗಲ ಮೇಲೆ ಹೊರಬರುವವರಿಗಾಗಿ.

ತಟ್ಟೆಯಲ್ಲಿ ಗೆದ್ದದ್ದು ಬಯಲಿನಲ್ಲಿಯೂ ಗೆಲ್ಲುತ್ತದೆಂಬ ಭರವಸೆಯಿಲ್ಲ. 1984ರ ಡಿಸೆಂಬರ್ 1ರಂದು ಕ್ಯಾಲಿಫೋರ್ನಿಯದ ಎಡ್ವರ್ಡ್ಸ್ ವಾಯುನೆಲೆಯ ಬಳಿಯ ಒಣಸರೋವರದಲ್ಲಿ ನಾಸಾ ಸಂಸ್ಥೆ ಮತ್ತು ಅಮೆರಿಕದ ವಿಮಾನಯಾನ ಆಡಳಿತದವರು ಕೂಡಿ ಒಂದು ಪ್ರಯೋಗ ನಡೆಸಿದರು. ವಿಮಾನ ನೆಲಕ್ಕೆ ಬಡಿದಾಗ ಇಂಧನವು ಮಂಜಿನಂತೆ ಚದುರಿ ಹೊತ್ತಿಕೊಳ್ಳುತ್ತದೆ. ಹಾಗೆ ಚದುರದಂತೆ ತಡೆಯುವ ಒಂದು ಸೇರ್ಪಡೆಯನ್ನು ಕಂಡುಹಿಡಿದಿದ್ದರು. ಮೊದಲಿನ ಪ್ರಯೋಗಗಳಲ್ಲಿ ಅದು ಭರವಸೆ ಮೂಡಿಸಿತ್ತು. ಈಗ ಮನುಷ್ಯರಿಲ್ಲದ ಬೋಯಿಂಗ್ 720 ವಿಮಾನವೊಂದಕ್ಕೆ ಅದೇ ಇಂಧನ ತುಂಬಿ, ದೂರದಿಂದಲೇ ನಡೆಸಿ, ಬೇಕೆಂದೇ ನೆಲಕ್ಕೆ ಬೀಳಿಸಿದರು. ವಿಮಾನ ಎಣಿಸಿದಂತೆ ನೇರವಾಗಿ ಬೀಳಲಿಲ್ಲ. ಒಂದು ರೆಕ್ಕೆ ಮೊದಲು ತಗಲಿತು. ಕ್ಷಣಾರ್ಧದಲ್ಲಿ ಭಾರೀ ಬೆಂಕಿಯೆದ್ದಿತು. ಆರಿಸಲು ಒಂದು ಗಂಟೆಗೂ ಹೆಚ್ಚು ಕಾಲ ಬೇಕಾಯಿತು. ಆ ಸೇರ್ಪಡೆಯನ್ನು ಕಡ್ಡಾಯಗೊಳಿಸುವ ಆಲೋಚನೆಯನ್ನು ಬಳಿಕ ಕೈಬಿಟ್ಟರು.

ಲೋಕದ ಕಣ್ಣಿಗೆ ಅದೊಂದು ಸೋಲು. ನನಗೆ ಹಾಗೆ ಕಾಣುವುದಿಲ್ಲ. ಅಪಘಾತವೆಂದೂ ಲೆಕ್ಕ ಹಾಕಿದಂತೆ ನಡೆಯುವುದಿಲ್ಲ ಎಂಬುದನ್ನು ಯಾರ ಪ್ರಾಣಕ್ಕೂ ಎರವಾಗದೆ ತಿಳಿಸಿದ ಪ್ರಯೋಗ ಅದು. ಕ್ಯಾಮೆರಾಗಳ ಮುಂದೆ, ಲೋಕವೆಲ್ಲ ನೋಡುತ್ತಿರುವಾಗ "ಇದು ಫಲಿಸಲಿಲ್ಲ" ಎಂದು ಒಪ್ಪಿಕೊಳ್ಳುವುದಕ್ಕೆ ಧೈರ್ಯ ಬೇಕು. ಉತ್ತರಪತ್ರಿಕೆಯಲ್ಲಿ ತಪ್ಪು ಬರೆದ ಮಗುವನ್ನು ಗದರುವ ಮುನ್ನ ನಾವು ಅಧ್ಯಾಪಕರು ಆ ಉರಿಯುವ ವಿಮಾನವನ್ನು ನೆನೆಯುವುದು ಒಳ್ಳೆಯದು.

ಬಂಧುಗಳೇ, ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ಸಂತೋಷದ ಕಥೆಯಾಗುತ್ತಿತ್ತು. ಆದರೆ ನೊರೆಯ ಕಥೆಗೆ ಇನ್ನೊಂದು ಮುಖವಿದೆ.

ಫ್ಲೋರಿನ್ ನೊರೆ ತಟ್ಟೆಯ ಪರೀಕ್ಷೆಗಳಲ್ಲಿ ತೇರ್ಗಡೆಯಾಯಿತು. ನಿಜವಾದ ಬೆಂಕಿಗಳಲ್ಲಿಯೂ ಪ್ರಾಣಗಳನ್ನು ಉಳಿಸಿತು. ಅದನ್ನು ನಾವು ಮರೆಯಕೂಡದು. ಆದರೆ ಆ ದ್ರವ್ಯಕ್ಕೆ ಬಲ ಕೊಟ್ಟದ್ದು ಕಾರ್ಬನ್ ಮತ್ತು ಫ್ಲೋರಿನ್ ನಡುವಿನ ಬಂಧ. ಆ ಬಂಧ ಎಷ್ಟು ಗಟ್ಟಿಯೆಂದರೆ, ಬಿಸಿಲು, ಮಳೆ, ಮಣ್ಣಿನ ಜೀವಾಣು ಯಾವುದೂ ಅದನ್ನು ಸುಲಭವಾಗಿ ಒಡೆಯಲಾರದು. ಬೆಂಕಿಯ ಎದುರು ಗುಣವಾಗಿದ್ದುದು ನೆಲಕ್ಕಿಳಿದ ಮೇಲೆ ದೋಷವಾಯಿತು. ಮುಖ್ಯವಾಗಿ ತರಬೇತಿ ಮೈದಾನಗಳಲ್ಲಿ ವರ್ಷವರ್ಷವೂ ಚೆಲ್ಲಿದ ನೊರೆ ಅಂತರ್ಜಲವನ್ನು ಸೇರಿತು. ಸ್ವೀಡನ್ನಿನ ರೊನ್ನೆಬಿ ಎಂಬಲ್ಲಿ ವಾಯುನೆಲೆಯ ನೊರೆ ಕುಡಿಯುವ ನೀರಿಗೆ ಬೆರೆತದ್ದು 2013ರಲ್ಲಿ ಬೆಳಕಿಗೆ ಬಂತು. ಅಲ್ಲಿನ ಜನರ ರಕ್ತದಲ್ಲಿ ಈ ರಾಸಾಯನಿಕಗಳ ಪ್ರಮಾಣ ಏರಿದುದೇ ದೇಹಕ್ಕಾದ ಹಾನಿಯೆಂದು 2023ರ ಡಿಸೆಂಬರಿನಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಹಳೆಯ ಫ್ಲೋರಿನ್ ನೊರೆಗಳಲ್ಲಿದ್ದ ಪಿ.ಎಫ್.ಓ.ಎಸ್. ಎಂಬ ರಾಸಾಯನಿಕವನ್ನು ಸ್ಟಾಕ್‌ಹೋಮ್ ಒಪ್ಪಂದದ ನಿರ್ಬಂಧಿತ ವಸ್ತುಗಳ ಪಟ್ಟಿಗೆ 2009ರಲ್ಲಿ ಸೇರಿಸಲಾಯಿತು.

ಸ್ಟಾಕ್‌ಹೋಮ್ ಒಪ್ಪಂದ ಎಂದೊಡನೆ ನಿಮ್ಮಲ್ಲಿ ಕೆಲವರು ತಲೆಯೆತ್ತಿದಿರಿ. ನಾನೂ ಅದನ್ನು ಓದಿದಾಗ ಹಾಗೆಯೇ ತಲೆಯೆತ್ತಿದೆ. ಎರಡು ವರ್ಷಗಳ ಬಳಿಕ, 2011ರಲ್ಲಿ, ಅದೇ ಒಪ್ಪಂದದಡಿ ಸೇರಿದ ಇನ್ನೊಂದು ಹೆಸರು ಎಂಡೋಸಲ್ಫಾನ್. ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಮೀರಿ, 2000ದವರೆಗೆ, ಹೆಲಿಕಾಪ್ಟರಿನಿಂದ ಸಿಂಪಡಿಸಿದ ಔಷಧ ಅದು. ಗೇರು ಹೂವಿನ ರಸ ಹೀರುವ ಟೀ ಸೊಳ್ಳೆ ಸಾಯುತ್ತದೆಯೇ ಎಂದು ಕೇಳಿದರು. ಸಾಯುತ್ತದೆ ಎಂಬ ಉತ್ತರ ಸಿಕ್ಕಿತು. ಉತ್ತರ ಸುಳ್ಳಾಗಿರಲಿಲ್ಲ. ತೋಡಿಗೆ, ಸುರಂಗಕ್ಕೆ, ಬಾವಿಗೆ, ಬಸುರಿಯ ಒಡಲಿಗೆ ಅದು ಏನು ಮಾಡುತ್ತದೆ ಎಂಬ ಪ್ರಶ್ನೆಯನ್ನು ಹೊತ್ತಿಗೆ ಸರಿಯಾಗಿ ಕೇಳಲಿಲ್ಲ. ಎಣ್ಮಕಜೆಯ ಪಡ್ರೆಯಂಥ ಊರುಗಳ ಮನೆಗಳಲ್ಲಿ ಇಂದಿಗೂ ಮಲಗಿದಲ್ಲೇ ಇರುವ ಮಕ್ಕಳ ತಾಯಂದಿರು ಆ ಕೇಳದ ಪ್ರಶ್ನೆಯ ಬೆಲೆ ತೆರುತ್ತಿದ್ದಾರೆ.

ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನನ್ನ ಉದ್ದೇಶವಲ್ಲ. ಒಂದು ಬೆಂಕಿಯಿಂದ ಮನುಷ್ಯರನ್ನು ಕಾಯಲು ಹುಟ್ಟಿತು. ಇನ್ನೊಂದು ಹುಳುವಿನಿಂದ ಬೆಳೆಯನ್ನು ಕಾಯಲು. ಆದರೆ ಎರಡರಿಂದಲೂ ನಾನು ಕಲಿತ ಪಾಠ ಒಂದೇ. ಪರೀಕ್ಷೆಯು ತಾನು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಕೇಳದೆ ಬಿಟ್ಟ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ಎಲ್ಲೋ ಇಳಿದು, ಹರಿದು, ಒಂದು ದಿನ ನಮ್ಮ ಬಾವಿಯಲ್ಲಿ ಬಂದು ನಿಲ್ಲುತ್ತದೆ.

ಹಾಗೆಂದು ಪರೀಕ್ಷೆಯನ್ನೇ ಬಿಡಬೇಕೆಂದಲ್ಲ. ಇನ್ನೂ ಹೆಚ್ಚು ಪರೀಕ್ಷಿಸಬೇಕು. ಈಗ ಲೋಕದಾದ್ಯಂತ ಫ್ಲೋರಿನ್ ಇಲ್ಲದ ನೊರೆಗಳು ಬರುತ್ತಿವೆ. ಆಸ್ಟ್ರೇಲಿಯದ ವಿಮಾನ ನಿಲ್ದಾಣಗಳ ಅಗ್ನಿಶಾಮಕ ಸೇವೆ 2010ರಲ್ಲಿಯೇ ಅವಕ್ಕೆ ಬದಲಾಯಿಸಿತು. ಅಮೆರಿಕದ ರಕ್ಷಣಾ ಇಲಾಖೆ 2023ರ ಜನವರಿಯಲ್ಲಿ ಅಂಥ ನೊರೆಗೆ ಮಾನದಂಡ ಪ್ರಕಟಿಸಿತು. ಈ ಹೊಸ ನೊರೆಗಳಿಗೆ ಓಡುವ ಪೊರೆಯ ನೆರವಿಲ್ಲ. ಬರಿಯ ಗುಳ್ಳೆಗಳ ಹೊದಿಕೆಯಿಂದಲೇ ಗೆಲ್ಲಬೇಕು. ಆದುದರಿಂದ ಅವುಗಳನ್ನು ಹಾಸುವ ಕೈಗೆ ಹೆಚ್ಚಿನ ನುರಿತ ಬೇಕು, ಇಂಧನ ಬದಲಾದಾಗ ಫಲವೂ ಬದಲಾಗಬಹುದು. ಹಳೆಯದು ವಿಷವೆಂದು ತಿಳಿದ ಮಾತ್ರಕ್ಕೆ ಹೊಸದಕ್ಕೆ ರಿಯಾಯಿತಿ ತೋರಿಸುವಂತಿಲ್ಲ. ಅದೇ ತಟ್ಟೆ, ಅದೇ 60 ಸೆಕೆಂಡುಗಳ ಬೆಂಕಿ, ಅದೇ ಕೊಡಪಾನ ಅದಕ್ಕೂ ಕಾದಿವೆ.

ಕೊನೆಯದಾಗಿ ನಮ್ಮ ಶಾಲೆಯ ಮಾತು. ನೂರು ವರ್ಷಗಳ ಕಾಲ ನಾವೂ ಇಲ್ಲಿ ಪರೀಕ್ಷೆಗಳನ್ನು ನಡೆಸುತ್ತ ಬಂದಿದ್ದೇವೆ. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ದಿನ ಎಲ್ಲ ವಿಷಯಗಳಲ್ಲಿಯೂ ಎ ಪ್ಲಸ್ ಪಡೆದವರ ಭಾವಚಿತ್ರಗಳನ್ನು ಗೇಟಿನ ಬಳಿ ಹಾಕುತ್ತೇವೆ. ಅದು ತಪ್ಪಲ್ಲ, 60 ಸೆಕೆಂಡುಗಳಲ್ಲಿ ಬೆಂಕಿ ಆರಲೇಬೇಕು. ಆದರೆ ಕನ್ನಡ ಮಾಧ್ಯಮದಲ್ಲಿ ಕಲಿಸಿದರೆ ಮಗು ಮುಂದೆ ಏನಾಗುವುದೋ ಎಂಬ ಅಂಜಿಕೆಯಿಂದ ನನ್ನ ಕೋಣೆಗೆ ಬಂದು ಕುಳಿತುಕೊಳ್ಳುವ ಹೆತ್ತವರಿಗೆ ನಾನು ಆ ಎರಡನೆಯ ಪರೀಕ್ಷೆಯನ್ನೂ ನೆನಪಿಸುತ್ತೇನೆ. ಎಲ್ಲ ಮುಗಿದು, ನೊರೆ ನಿಂತು, ಕಾದು, ನಡುವೆ ಮತ್ತೆ ಉರಿಯನ್ನಿಟ್ಟು ನೋಡುವ ಪರೀಕ್ಷೆ. ನಮ್ಮ ಹಳೆ ವಿದ್ಯಾರ್ಥಿಗಳು ಊರಲ್ಲಿ, ಬೆಂಗಳೂರಲ್ಲಿ, ಗಲ್ಫಿನಲ್ಲಿ, ಬದುಕು ಬಿಸಿಯೇರಿದ ಹೊತ್ತಿನಲ್ಲಿ ಹೇಗೆ ನಿಂತರು ಎಂಬುದು ಯಾವ ಅಂಕಪಟ್ಟಿಯಲ್ಲಿಯೂ ಇಲ್ಲ. ಇಂದು ಈ ಸಭೆಯಲ್ಲಿ ಕುಳಿತಿರುವವರ ಮುಖಗಳಲ್ಲಿ ನನಗೆ ಅದು ಕಾಣುತ್ತಿದೆ. ಮೂರನೆಯ ಪ್ರಶ್ನೆಯೂ ಇದೆ: ನಾವು ಕಲಿಸಿದ್ದು ಊರಿನ ಬಾವಿಗೆ ಏನನ್ನು ಸೇರಿಸಿತು? ಅದಕ್ಕೆ ಉತ್ತರ ಹೇಳಬೇಕಾದವರು ಇನ್ನು ನೂರು ವರ್ಷಗಳ ಬಳಿಕ ಇಲ್ಲಿ ಸೇರುವವರು.

ಇದನ್ನೆಲ್ಲ ಆ ಹುಡುಗಿಗೆ ಹೇಳಿ ಮುಗಿಸಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಾಗಾದರೆ ಟೀಚರ್, ಈ ಹೊಸ ನೊರೆಗೆ ನಾವು ಇನ್ನೂ ಕೇಳದ ಪ್ರಶ್ನೆ ಯಾವುದು?" ಎಂದಳು.

ನನಗೆ ತಿಳಿಯದು ಎಂದೆ. ದೊಡ್ಡವಳಾದ ಮೇಲೆ ನೀನೇ ಕೇಳಬೇಕು ಎಂದೆ. ಅವಳು ಇಂದು ಈ ಸಭೆಯ ಮೂರನೆಯ ಸಾಲಿನಲ್ಲಿ ಕುಳಿತಿದ್ದಾಳೆ. ಅಂಥ ಪ್ರಶ್ನೆಗಳನ್ನು ತಮ್ಮ ನುಡಿಯಲ್ಲಿ, ಅಂಜದೆ ಕೇಳುವ ಮಕ್ಕಳು ಈ ಶಾಲೆಯಲ್ಲಿ ಎಂದೆಂದೂ ಇರಲಿ ಎಂದು ಹಾರೈಸುತ್ತೇನೆ.